ಡಾ. ಪಲ್ಪು: ಪ್ಲೇಗಿನ ಪೇಟೆಯಲ್ಲಿ ಉಳಿದ ವೈದ್ಯ

ಬೆಂಗಳೂರು: 1898ರ ಆಗಸ್ಟ್ ತಿಂಗಳು. ಹುಬ್ಬಳ್ಳಿ-ಧಾರವಾಡದ ಕಡೆಯಿಂದ ರೈಲಿನಲ್ಲಿ ಬಂದ ಪ್ಲೇಗ್ ಮಹಾಮಾರಿ ಬೆಂಗಳೂರಿನ ಹಳೆಯ ಪೇಟೆಯನ್ನು ಹೊಕ್ಕಿತು. ಮೊದಲು ಇಲಿಗಳು ಬಿದ್ದವು, ಅನಂತರ ಮನುಷ್ಯರು. ಉಳ್ಳವರು ಗಾಡಿ ಕಟ್ಟಿಕೊಂಡು ಊರು ಬಿಟ್ಟರು. ಇಲ್ಲದವರು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಅಂಗಡಿಗಳಿಗೆ ಬೀಗ ಬಿದ್ದಿತು. ಸತ್ತವರಿಗೆ ಹೆಗಲು ಕೊಡುವುದಕ್ಕೆ ನೆಂಟರಿಷ್ಟರೇ ಹಿಂಜರಿದರು. ಅಂತಹ ಹೊತ್ತಿನಲ್ಲಿ ಊರು ಬಿಡದೆ ಪ್ಲೇಗ್ ಕರ್ತವ್ಯದಲ್ಲಿ ನಿಂತ ಮೈಸೂರು ಸರ್ಕಾರದ ವೈದ್ಯರಲ್ಲಿ ಒಬ್ಬರು ಡಾ. ಪದ್ಮನಾಭನ್ ಪಲ್ಪು.

ಅವರ ಹುಟ್ಟೂರಿನಲ್ಲಿ ಅವರದು ಮುಟ್ಟಬಾರದ ಕೈ. ತಿರುವಾಂಕೂರು ಸಂಸ್ಥಾನದಲ್ಲಿ ಈಳವ ಜಾತಿಯವರು ಮೇಲ್ಜಾತಿಯವರಿಂದ ಇಂತಿಷ್ಟು ಹೆಜ್ಜೆ ದೂರ ನಿಲ್ಲಬೇಕೆಂಬ ಕಟ್ಟಳೆ ಇದ್ದ ಕಾಲವದು. ವೈದ್ಯಕೀಯ ಪದವಿ ಪಡೆದು ಬಂದರೂ ಅಲ್ಲಿನ ಸರ್ಕಾರ ಆ ಕೈಗೆ ರೋಗಿಗಳನ್ನು ಒಪ್ಪಿಸಲಿಲ್ಲ. ಬೆಂಗಳೂರಿನಲ್ಲಾದರೋ, ಯಾರೂ ಯಾರನ್ನೂ ಮುಟ್ಟಲು ಅಂಜುತ್ತಿದ್ದ ದಿನಗಳಲ್ಲಿ ಅದೇ ಕೈ ಬೇಕಾಯಿತು.

ಕೇರಳದಲ್ಲಿ ಡಾ. ಪಲ್ಪು ಅವರ ಹೆಸರು ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ದೊಡ್ಡದು. ಶಾಲಾ ಮಕ್ಕಳಿಗೂ ಅದು ಪರಿಚಿತ. ಅವರು ತಮ್ಮ ಉದ್ಯೋಗ ಜೀವನದ ಬಹುಭಾಗವನ್ನು ಕಳೆದ ಬೆಂಗಳೂರಿನಲ್ಲಿ ಮಾತ್ರ ಆ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಅವರ ವೃತ್ತಿಯ ಕಥೆ ನಡೆದದ್ದು ಇಲ್ಲಿಯೇ.

ಮುಚ್ಚಿದ ಬಾಗಿಲು

ಪಲ್ಪು ಹುಟ್ಟಿದ್ದು 1863ರ ನವೆಂಬರ್ 2ರಂದು, ತಿರುವನಂತಪುರದ ಪೇಟ್ಟ ಎಂಬಲ್ಲಿ. ಕುಟುಂಬಕ್ಕೆ ಇಂಗ್ಲಿಷ್ ವಿದ್ಯೆಯ ಹಂಬಲವಿತ್ತು. ಅಣ್ಣ ವೇಲಾಯುಧನ್ ಬಿ.ಎ. ಪದವೀಧರರಾದರೂ ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ದೊರೆಯದೆ ಮದರಾಸು ಸರ್ಕಾರದ ಸೇವೆ ಸೇರಿದ್ದರು. ಮನೆಯೊಳಗೇ ಇದ್ದ ಈ ಉದಾಹರಣೆ ತಮ್ಮನಿಗೆ ಎಚ್ಚರಿಕೆಯಾಗಬಹುದಿತ್ತು, ಆಗಲಿಲ್ಲ. ಪಲ್ಪು ತಿರುವಾಂಕೂರಿನ ವೈದ್ಯಕೀಯ ಆಯ್ಕೆ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಪ್ರವೇಶ ಮಾತ್ರ ಸಿಗಲಿಲ್ಲ.

ಅವರು ಮದರಾಸು ವೈದ್ಯಕೀಯ ಕಾಲೇಜು ಸೇರಿದರು. ಹಣದ ಅಡಚಣೆಯ ನಡುವೆ ಓದಿ ಎಲ್.ಎಂ.ಎಸ್. ಪಡೆದರು. ಪದವಿ ಕೈಗೆ ಬಂದ ಮೇಲೆ ಮತ್ತೊಮ್ಮೆ ತಿರುವಾಂಕೂರಿನ ಆರೋಗ್ಯ ಇಲಾಖೆಗೆ ಅರ್ಜಿ ಹಾಕಿದರು. ಉತ್ತರ ಬದಲಾಗಲಿಲ್ಲ. ಕುಲಕಸುಬಾದ ತೆಂಗಿನ ಮರದ ಕೆಲಸ ಇರುವಾಗ ಈ ಉಸಾಬರಿ ಏಕೆ ಎಂಬ ಧಾಟಿಯ ಉತ್ತರ ಅವರಿಗೆ ಬಂದಿತೆಂಬುದು ಕೇರಳದಲ್ಲಿ ಇಂದಿಗೂ ಹೇಳುವ ಮಾತು. ಉತ್ತರದ ಶಬ್ದಗಳು ಏನೇ ಇದ್ದಿರಲಿ, ಸಾರಾಂಶ ಅದೇ.

1891ರಲ್ಲಿ ಪಲ್ಪು ಮೈಸೂರು ಸಂಸ್ಥಾನದ ವೈದ್ಯಕೀಯ ಸೇವೆಗೆ ಬಂದರು. ಆಗ ಕೆ. ಶೇಷಾದ್ರಿ ಅಯ್ಯರ್ ದಿವಾನರು. ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅರಸರು. ಸಂಸ್ಥಾನಕ್ಕೆ ಓದಿದ ವೈದ್ಯರ ಅಗತ್ಯವಿತ್ತು. ಮೈಸೂರಿನಲ್ಲಿ ಜಾತಿ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ನೌಕರಿಯ ಬಾಗಿಲು ಇಲ್ಲಿ ತೆರೆದಿತ್ತು ಎಂಬುದಷ್ಟೇ ಪಲ್ಪು ಅವರ ಪಾಲಿಗೆ ಮುಖ್ಯವಾಯಿತು.

ಸೂಜಿಮೊನೆಯ ಪಾಠ

ಬೆಂಗಳೂರಿನಲ್ಲಿ ಅವರಿಗೆ ದೊರೆತದ್ದು ಲಸಿಕೆ ಸಂಸ್ಥೆಯ ಕೆಲಸ. ಹಳೆಯ ಮೈಸೂರಿನ ಜನ ಸಿಡುಬಿನ ಲಸಿಕೆಯನ್ನು ದಾಕು ಎಂದೂ ಮೈಲಿ ಎಂದೂ ಕರೆಯುತ್ತಿದ್ದರು. ಸಿಡುಬು ಬಂದರೆ ಅಮ್ಮ ಬಂದಳೆನ್ನುವ ಕಾಲ. ಊರೂರು ತಿರುಗಿ ಮಕ್ಕಳ ತೋಳಿಗೆ ದಾಕು ಹಾಕುವವರಿಗೆ ಬೇಕಾದ ದ್ರವ್ಯವನ್ನು ತಯಾರಿಸಿ ಕಳುಹಿಸುವುದು ಲಸಿಕೆ ಸಂಸ್ಥೆಗಳ ಹೊಣೆಯಾಗಿತ್ತು.

ಈ ಕೆಲಸದ ಗುಟ್ಟನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಿಂದೆ ಲಸಿಕೆ ತೋಳಿನಿಂದ ತೋಳಿಗೆ ಸಾಗುತ್ತಿತ್ತು. ಒಂದು ಮಗುವಿನ ಬೊಕ್ಕೆಯಿಂದ ಕೀವಿನಂತಹ ರಸವನ್ನು ತೆಗೆದು ಅದೇ ಚೂರಿಯ ಮೊನೆಯಿಂದ ಮುಂದಿನ ಮಗುವಿನ ತೋಳನ್ನು ಗೀರುತ್ತಿದ್ದರು. ಸಿಡುಬಿನಿಂದ ರಕ್ಷಣೆ ಸಿಗುತ್ತಿತ್ತು, ನಿಜ. ಜೊತೆಗೆ ಬೇಡದ್ದೂ ಬರುತ್ತಿತ್ತು. 1861ರಲ್ಲಿ ಇಟಲಿಯ ರಿವಾಲ್ಟಾ ಎಂಬ ಗ್ರಾಮದಲ್ಲಿ ಹೀಗೆ ಲಸಿಕೆ ಪಡೆದ ಹತ್ತಾರು ಮಕ್ಕಳಿಗೆ ಸಿಫಿಲಿಸ್ ಅಂಟಿತು. 1883ರಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ಮನುಷ್ಯರಿಂದ ತೆಗೆದ ಲಸಿಕೆ ಹಾಕಿಸಿಕೊಂಡ ಸುಮಾರು 1,300 ಹಡಗುಕಟ್ಟೆ ಕಾರ್ಮಿಕರಲ್ಲಿ 191 ಮಂದಿಗೆ ತಿಂಗಳುಗಳ ಅನಂತರ ಕಾಮಾಲೆ ಬಂದಿತು. ಕಾರಣ ಆಗ ಯಾರಿಗೂ ತಿಳಿಯಲಿಲ್ಲ. ಇಂದು ವೈದ್ಯಲೋಕ ಅದನ್ನು ಹೆಪಟೈಟಿಸ್ ಬಿ ಸೋಂಕಿನ ಮೊದಲ ದಾಖಲಿತ ಸ್ಫೋಟವೆಂದು ಗುರುತಿಸುತ್ತದೆ.

ಇದೇ ಹೆಪಟೈಟಿಸ್ ಬಿ ಈಗಿನ ದಂತ ಚಿಕಿತ್ಸಾಲಯಗಳ ದೊಡ್ಡ ಅಂಜಿಕೆಗಳಲ್ಲಿ ಒಂದು. ಚಿಕ್ಕಪೇಟೆಯಿಂದ ಅನತಿ ದೂರದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ದಂತ ವೈದ್ಯರು ದಿನವಿಡೀ ರಕ್ತ ಮತ್ತು ಎಂಜಲಿನ ನಡುವೆ, ಮೊನಚಾದ ಉಪಕರಣಗಳನ್ನು ಹಿಡಿದು ದುಡಿಯುವವರು. ಅವರಿಗೂ ಅವರ ಸಹಾಯಕರಿಗೂ ಮೂರು ಡೋಸ್ ಹೆಪಟೈಟಿಸ್ ಬಿ ಲಸಿಕೆ, ಪ್ರತಿ ರೋಗಿಗೂ ಹೊಸ ಕೈಗವಸು, ಒಮ್ಮೆ ಬಳಸಿದ ಉಪಕರಣಕ್ಕೆ ಆಟೋಕ್ಲೇವ್‌ನ ಹಬೆ ಎಂಬ ನಿಯಮಗಳು ಇಂದು ಪಾಠದ ಭಾಗ. ಒಬ್ಬನ ರಕ್ತ ಮತ್ತೊಬ್ಬನನ್ನು ಮುಟ್ಟಬಾರದು ಎಂಬುದೇ ಇವೆಲ್ಲದರ ತಿರುಳು. ಹತ್ತೊಂಬತ್ತನೆಯ ಶತಮಾನದ ಲಸಿಕೆ ಸಂಸ್ಥೆಗಳು ಆ ಪಾಠವನ್ನು ಮೊದಲು ಕಲಿತ ಸ್ಥಳಗಳಲ್ಲಿ ಸೇರಿವೆ.

ಅವು ಕಂಡುಕೊಂಡ ಪರಿಹಾರ ಕರು. ಕರುವಿನ ಹೊಟ್ಟೆಯ ಭಾಗವನ್ನು ಬೋಳಿಸಿ, ತೊಳೆದು, ಗೀರಿ ದ್ರವ್ಯವನ್ನು ಹಚ್ಚುತ್ತಿದ್ದರು. ಐದಾರು ದಿನಗಳಲ್ಲಿ ಬೊಕ್ಕೆಗಳು ಎದ್ದ ಮೇಲೆ ಅವನ್ನು ಕೆರೆದು ಲಸಿಕೆ ತಯಾರಿಸುತ್ತಿದ್ದರು. ಮನುಷ್ಯರ ರಕ್ತದ ಸಂಪರ್ಕವೇ ತಪ್ಪಿದುದರಿಂದ ಸಿಫಿಲಿಸ್‌ನ ಭಯವೂ ತಪ್ಪಿತು. 1891ರಲ್ಲಿ ಇಂಗ್ಲೆಂಡಿನ ಕೋಪ್‌ಮನ್ ಎಂಬ ವೈದ್ಯ, ಲಸಿಕೆಗೆ ಗ್ಲಿಸರಿನ್ ಬೆರೆಸಿ ಕೆಲವು ವಾರ ಇಟ್ಟರೆ ಅದರಲ್ಲಿನ ಬೇಡದ ರೋಗಾಣುಗಳು ಸಾಯುತ್ತವೆ, ಲಸಿಕೆಯ ಗುಣ ಉಳಿಯುತ್ತದೆ ಎಂದು ತೋರಿಸಿದರು. ಪಲ್ಪು ಬೆಂಗಳೂರಿಗೆ ಬಂದದ್ದೂ ಅದೇ ವರ್ಷ. ಶುದ್ಧಿ ಎಂದರೆ ಏನೆಂಬ ಪ್ರಶ್ನೆಗೆ ವಿಜ್ಞಾನ ಹೊಸ ಉತ್ತರ ಕೊಡುತ್ತಿದ್ದ ಕಾಲದಲ್ಲಿ, ಹಳೆಯ ಉತ್ತರದಿಂದ ಪೆಟ್ಟು ತಿಂದ ವ್ಯಕ್ತಿಯೊಬ್ಬರು ಆ ಇಲಾಖೆಯಲ್ಲಿ ಕುಳಿತಿದ್ದರು. ಕನ್ನಡದಲ್ಲಿ ಮೈಲಿ ಮತ್ತು ಮೈಲಿಗೆ ಎಂಬ ಎರಡು ಪದಗಳು ಎಷ್ಟು ಹತ್ತಿರ ಎಂಬುದನ್ನು ಅವರು ಗಮನಿಸಿರಲಿಕ್ಕೂ ಸಾಕು.

ಬೆಂಗಳೂರಿನ ಮನೆ

ಪಲ್ಪು ಅವರಿಗೆ ನೌಕರಿ ಮಾತ್ರ ಬದುಕಾಗಿರಲಿಲ್ಲ. ಬೆಂಗಳೂರಿನಲ್ಲಿ ಕುಳಿತೇ ಅವರು ತಿರುವಾಂಕೂರಿನ ವಿರುದ್ಧ ಅರ್ಜಿಗಳ ಯುದ್ಧ ನಡೆಸಿದರು. 1891ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿ ತಿರುವಾಂಕೂರು ಮಹಾರಾಜರಿಗೆ ಸಲ್ಲಿಸಿದ ಮಲಯಾಳಿ ಮನವಿಯಲ್ಲಿ ಮೂರನೆಯ ಸಹಿ ಅವರದು. ಅದರಿಂದ ಈಳವರಿಗೆ ಏನೂ ದಕ್ಕಲಿಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಅವರು ಈಳವರದ್ದೇ ಪ್ರತ್ಯೇಕ ಮನವಿಯನ್ನು ಸಲ್ಲಿಸಿದರು. ಅದಕ್ಕೆ 13,176 ಸಹಿಗಳಿದ್ದವು. ಶಾಲೆಗಳಲ್ಲಿ ಪ್ರವೇಶ ಮತ್ತು ಸರ್ಕಾರಿ ಕೆಲಸ ಎಂಬ ಎರಡೇ ಬೇಡಿಕೆಗಳು ಅದರ ಜೀವಾಳ. ಅದೂ ಫಲಿಸಲಿಲ್ಲ.

ಈ ನಡುವೆ 1892ರ ಕೊನೆಯಲ್ಲಿ ಸ್ವಾಮಿ ವಿವೇಕಾನಂದರು ಬೆಂಗಳೂರಿಗೆ ಬಂದರು. ಆಗಿನ್ನೂ ಷಿಕಾಗೋ ಭಾಷಣ ಆಗಿರಲಿಲ್ಲ. ಅವರ ಹೆಸರು ಹೆಚ್ಚು ಜನರಿಗೆ ತಿಳಿದಿರಲಿಲ್ಲ. ಪಲ್ಪು ಅವರನ್ನು ಕಂಡು ತಮ್ಮ ನಾಡಿನ ಸ್ಥಿತಿಯನ್ನು ವಿವರಿಸಿದರು. ಅರ್ಜಿ ಹಿಡಿದು ಮೇಲಿನವರ ಹಿಂದೆ ಓಡುವುದನ್ನು ಬಿಟ್ಟು, ನಿಮ್ಮವರ ನಡುವೆಯೇ ಇರುವ ಒಬ್ಬ ಆಧ್ಯಾತ್ಮಿಕ ಪುರುಷನನ್ನು ಮುಂದಿಟ್ಟು ಜನರನ್ನು ಸಂಘಟಿಸಬೇಕೆಂದು ಸ್ವಾಮೀಜಿ ಸಲಹೆ ಮಾಡಿದರೆಂದು ಪಲ್ಪು ಅವರ ಜೀವನಕಾರರು ಬರೆಯುತ್ತಾರೆ. ಅಂತಹ ಪುರುಷ ಶ್ರೀ ನಾರಾಯಣ ಗುರುಗಳಲ್ಲಿ ದೊರೆತರು.

1895ರಲ್ಲಿ ನಾರಾಯಣ ಗುರುಗಳು ಬೆಂಗಳೂರಿಗೆ ಬಂದಾಗ ಅವರೊಂದಿಗೆ ಇಪ್ಪತ್ತೆರಡರ ಹರೆಯದ ಶಿಷ್ಯನೊಬ್ಬನಿದ್ದ. ಹೆಸರು ಕುಮಾರನ್. ಮುಂದೆ ಮಲಯಾಳಂ ಕಾವ್ಯದ ದಿಕ್ಕನ್ನೇ ಬದಲಿಸಿದ ಕುಮಾರನ್ ಆಶಾನ್ ಇವರೇ. ಪಲ್ಪು ಅವರನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಚಾಮರಾಜೇಂದ್ರ ಸಂಸ್ಕೃತ ಕಾಲೇಜಿಗೆ ಸೇರಿಸಿದರು. ಸಂಸ್ಕೃತ ಕಾಲೇಜಿನಲ್ಲಿ ಈಳವ ಹುಡುಗನೊಬ್ಬ ತರ್ಕಶಾಸ್ತ್ರ ಓದುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅದೇ 1895ರಲ್ಲಿ ಪಲ್ಪು ಅವರ ಮಗ ನಟರಾಜನ್ ಬೆಂಗಳೂರಿನಲ್ಲಿ ಜನಿಸಿದರು. ಮುಂದೆ ಪ್ಯಾರಿಸ್‌ನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ನಾರಾಯಣ ಗುರುಕುಲವನ್ನು ಸ್ಥಾಪಿಸಿ ನಟರಾಜ ಗುರು ಎಂದು ಹೆಸರಾದವರು ಅವರೇ.

ಆಶಾನ್ ಅವರ ಬೆಂಗಳೂರು ವಾಸ ಮೂರು ವರ್ಷಕ್ಕೆ ಮುಗಿಯಿತು. 1898ರಲ್ಲಿ ಅವರು ಬೆಂಗಳೂರು ಬಿಟ್ಟು, ಮದರಾಸಿನ ಮೂಲಕ ಕಲ್ಕತ್ತಕ್ಕೆ ಹೊರಟರು. ಕಾರಣ ಪ್ಲೇಗ್.

ಪೇಟೆಗೆ ಬಂದ ಮಾರಿ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಎರಡು ವರ್ಷಗಳಲ್ಲಿ ರೈಲುಮಾರ್ಗ ಹಿಡಿದು ಮೈಸೂರು ಸಂಸ್ಥಾನವನ್ನು ತಲುಪಿತ್ತು. ಬೆಂಗಳೂರಿನಲ್ಲಿ ಮೊದಲು ಬಲಿಯಾದವರಲ್ಲಿ ರೈಲ್ವೆ ನಿಲ್ದಾಣದ ಸುತ್ತಮುತ್ತ ಕೆಲಸ ಮಾಡುತ್ತಿದ್ದವರು ಇದ್ದರು. ಅಲ್ಲಿಂದ ಪೇಟೆ ದೂರವೇನಲ್ಲ.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಗೆ ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಎಂಬ ಎರಡು ಬೀದಿಗಳೇ ಬೆನ್ನೆಲುಬು. ಈಗ ಅವೆನ್ಯೂ ರಸ್ತೆ ಎನಿಸಿಕೊಂಡ ದೊಡ್ಡಪೇಟೆಯನ್ನು ಚಿಕ್ಕಪೇಟೆ ಸಂಧಿಸುವ ಚೌಕದ ಸುತ್ತ ನೂರಾರು ವರ್ಷಗಳಿಂದ ವ್ಯಾಪಾರ ಬೆಳೆದಿತ್ತು. ಮುಂದೆ ಅಂಗಡಿ, ಹಿಂದೆ ಮನೆ, ಮಧ್ಯೆ ಗಾಳಿ ಬೆಳಕಿಲ್ಲದ ಕೋಣೆಗಳು. ತರಗುಪೇಟೆ, ಅಕ್ಕಿಪೇಟೆಗಳ ದವಸದ ಮೂಟೆಗಳು ಇಲಿಗಳಿಗೆ ಅರಮನೆಯಂತಿದ್ದವು. ಪ್ಲೇಗ್‌ಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಬೇಕಿರಲಿಲ್ಲ. ಇಂದು ರೇಷ್ಮೆ ಸೀರೆಯ ಅಂಗಡಿಗಳ ಸಾಲಿನಲ್ಲಿ ನುಗ್ಗಾಡುವ, ಮೆಟ್ರೊ ನಿಲ್ದಾಣದಿಂದ ಮೇಲೆ ಬರುವ ಜನಜಂಗುಳಿಗೆ ಈ ಬೀದಿಗಳು ಒಮ್ಮೆ ಬಿಕೋ ಎಂದಿದ್ದವೆಂದರೆ ನಂಬಿಕೆ ಬರುವುದು ಕಷ್ಟ.

ರೋಗ ಬಂದವರಿಗೆ ಇದ್ದಕ್ಕಿದ್ದಂತೆ ಉರಿಜ್ವರ. ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ. ಬಹಳ ಜನ ವಾರದೊಳಗೆ ಸಾಯುತ್ತಿದ್ದರು. ಔಷಧವೆಂಬುದು ಇರಲಿಲ್ಲ. ಪ್ಲೇಗನ್ನು ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ಸುಮಾರು ಅರ್ಧ ಶತಮಾನ ಕಾಯಬೇಕಿತ್ತು.

ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮನೆಮನೆ ತಪಾಸಣೆ ನಡೆಯಿತು. ರೋಗಿ ಆಸ್ಪತ್ರೆಗೆ, ಮನೆಯವರೆಲ್ಲ ಊರಾಚೆಯ ಪ್ರತ್ಯೇಕ ಶಿಬಿರಕ್ಕೆ. ಮನೆಗೆ ಸುಣ್ಣ, ನೆಲಕ್ಕೆ ರಸಕರ್ಪೂರದ ದ್ರಾವಣ ಇಲ್ಲವೇ ಕಾರ್ಬಾಲಿಕ್ ಆಮ್ಲ. ಬಿಸಿಲು ಬೀಳಲೆಂದು ಹೆಂಚು ತೆಗೆಯುವುದೂ ಇತ್ತು. ಪ್ಲೇಗ್ ಕಾರ್ಯಾಚರಣೆಗಾಗಿ ದೂರವಾಣಿ ತಂತಿಯನ್ನು ಎಳೆದದ್ದು ಬೆಂಗಳೂರಿನ ಪಾಲಿಗೆ ಹೊಸತು.

ಜನ ಇದನ್ನು ಸುಮ್ಮನೆ ಒಪ್ಪಲಿಲ್ಲ. ಹೆಂಗಸರ ಮೈ ಮುಟ್ಟಿ ನೋಡುವುದು, ಅಡಿಗೆಮನೆ ದೇವರಮನೆಗಳಿಗೆ ಸಿಪಾಯಿಗಳು ನುಗ್ಗುವುದು, ಎಲ್ಲ ಜಾತಿಯವರನ್ನೂ ಒಂದೇ ಶಿಬಿರದಲ್ಲಿ ಇರಿಸುವುದು, ಇವೆಲ್ಲವೂ ರೋಗಕ್ಕಿಂತ ಘೋರವೆನಿಸಿದವು. ರೋಗಿಗಳನ್ನು ಬಚ್ಚಿಟ್ಟರು. ಹಿಂದಿನ ವರ್ಷ, 1897ರ ಜೂನ್‌ನಲ್ಲಿ, ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದಿದ್ದರು. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿಯೂ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯಾಯಿತು. ಪ್ಲೇಗ್ ವೈದ್ಯನಿಗೆ ರೋಗದಿಂದಷ್ಟೇ ಅಲ್ಲ, ಜನರಿಂದಲೂ ಅಪಾಯವಿತ್ತು.

ರಕ್ಷಣೆ ಇಲ್ಲದ ಕೈಗಳು

ಆ ದಿನಗಳ ವೈದ್ಯರಿಗೆ, ಅವರಿಗಿಂತ ಹೆಚ್ಚಾಗಿ ಅವರ ಕೆಳಗೆ ದುಡಿದವರಿಗೆ, ಯಾವ ರಕ್ಷಣೆ ಇತ್ತು?

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಅವರು ಪ್ಲೇಗ್‌ನ ರೋಗಾಣುವನ್ನು ಗುರುತಿಸಿದ್ದರು. ಆದರೆ ಅದು ಇಲಿಯಿಂದ ಮನುಷ್ಯನಿಗೆ ಹೇಗೆ ಬರುತ್ತದೆ ಎಂಬುದು ಇತ್ಯರ್ಥವಾಗಿರಲಿಲ್ಲ. ಬರಿಗಾಲಿನ ಗಾಯದ ಮೂಲಕ ನೆಲದಿಂದ ಏರುತ್ತದೆಂದು ಅನೇಕರು ನಂಬಿದ್ದರು. ಚಿಗಟವೇ ವಾಹಕವೆಂದು ಫ್ರೆಂಚ್ ವೈದ್ಯ ಸಿಮೋ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು 1898ರ ಜೂನ್‌ನಲ್ಲಿ, ಅಂದರೆ ಬೆಂಗಳೂರಿಗೆ ಪ್ಲೇಗ್ ಬರುವ ಎರಡು ತಿಂಗಳು ಮುನ್ನ. ಯಾರೂ ಕಿವಿಗೊಡಲಿಲ್ಲ. ಆ ಮಾತಿಗೆ ಮನ್ನಣೆ ಸಿಗಲು ಸುಮಾರು ಹತ್ತು ವರ್ಷ ಹಿಡಿಯಿತು.

ಇದರ ಬೆಲೆ ತೆತ್ತವರು ಕೆಳಹಂತದ ನೌಕರರು. ನೆಲಕ್ಕೆ ಔಷಧ ಸುರಿದರೆ ಇಲಿ ಪಕ್ಕದ ಮನೆಗೆ ಓಡುತ್ತಿತ್ತು. ಸತ್ತ ಇಲಿಯ ಮೈಬಿಟ್ಟ ಚಿಗಟ, ಸ್ವಚ್ಛ ಮಾಡಲು ಬಂದವನ ಬರಿಗಾಲನ್ನು ಕಚ್ಚುತ್ತಿತ್ತು. ಪ್ಲೇಗಿನ ಗಡ್ಡೆ ತೊಡೆಸಂದಿಯಲ್ಲಿ ಹೆಚ್ಚಾಗಿ ಏಳುವುದಕ್ಕೆ ಇದೇ ಕಾರಣ. ಕಚ್ಚಿದ್ದು ಕಾಲಿಗೆ, ಊದಿದ್ದು ಅದಕ್ಕೆ ಹತ್ತಿರದ ಗ್ರಂಥಿ. ಝಾಡಮಾಲಿಗಳು, ಹೆಣ ಹೊರುವವರು, ಸುಣ್ಣ ಬಳಿಯುವ ಕೂಲಿಗಳು, ಕಾವಲಿನ ಪೊಲೀಸರು ಇವರ ಪೈಕಿ ಬೂಟು ಇದ್ದವರು ಎಷ್ಟು ಮಂದಿ? ಹೆಣ ಹೊರುವ ಮತ್ತು ಕಸ ಬಳಿಯುವ ಕೆಲಸ ಯಾವ ಜಾತಿಗಳ ಪಾಲಿಗೆ ಬರುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ. ಮೈಲಿಗೆಯ ಕಟ್ಟಳೆ ಮೇಲಿನವರನ್ನು ಶವದಿಂದ ದೂರ ಇರಿಸಿ, ಕೆಳಗಿನವರನ್ನು ಚಿಗಟದ ಬಾಯಿಗೆ ಒಡ್ಡಿತ್ತು.

ಕೈಗವಸು ಹುಟ್ಟಿತ್ತು, ಆದರೆ ಬಹಳ ದೂರದಲ್ಲಿ. ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಸುಮಾರು 1890ರಲ್ಲಿ ರಬ್ಬರ್ ಕೈಗವಸು ಮಾಡಿಸಿದ್ದು ರೋಗಿಗಾಗಿ ಅಲ್ಲ, ರಸಕರ್ಪೂರದ ದ್ರಾವಣದಲ್ಲಿ ಕೈ ಅದ್ದಿ ಅದ್ದಿ ಚರ್ಮ ಒಡೆದಿದ್ದ ತಮ್ಮ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗಾಗಿ. ದವಡೆಯ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡುವ ವಿಧಾನಕ್ಕೆ ನಾಂದಿ ಹಾಡಿದವರೂ ಇದೇ ಹಾಲ್‌ಸ್ಟೆಡ್. ಕುತೂಹಲದ ಸಂಗತಿಯೆಂದರೆ, ದಂತ ವೈದ್ಯರು ಆ ಚುಚ್ಚುಮದ್ದನ್ನು ಬೇಗ ಸ್ವೀಕರಿಸಿದರು. ಕೈಗವಸನ್ನು ಎಲ್ಲ ರೋಗಿಗಳಿಗೂ ಧರಿಸುವ ರೂಢಿ ಅವರಲ್ಲಿ ಬಂದದ್ದು 1980ರ ದಶಕದಲ್ಲಿ, ಏಡ್ಸ್ ಹೆದರಿಸಿದ ಮೇಲೆ.

ಮುಖಗವಸಿನ ಕಥೆಯಂತೂ ಪ್ಲೇಗಿನದ್ದೇ. 1910-11ರಲ್ಲಿ ಮಂಚೂರಿಯಾದಲ್ಲಿ ಉಸಿರಿನಿಂದ ಹರಡುವ ಶ್ವಾಸಕೋಶದ ಪ್ಲೇಗ್ ಬಂದಾಗ, ಕೇಂಬ್ರಿಜ್‌ನಲ್ಲಿ ಓದಿದ ವೈದ್ಯ ವು ಲಿಯೆನ್-ತೆ ಹತ್ತಿ ಮತ್ತು ಬಟ್ಟೆಯ ಮುಖಗವಸನ್ನು ವೈದ್ಯರಿಗೂ ಸಿಬ್ಬಂದಿಗೂ ಕಡ್ಡಾಯ ಮಾಡಿದರು. ಮೆನಿ ಎಂಬ ಫ್ರೆಂಚ್ ವೈದ್ಯ ಅದನ್ನು ತಿರಸ್ಕರಿಸಿ ವಾರ್ಡಿಗೆ ಹೋದರು, ಕೆಲವೇ ದಿನಗಳಲ್ಲಿ ಪ್ಲೇಗಿಗೆ ಬಲಿಯಾದರು. ಬೆಂಗಳೂರಿನ ಪ್ಲೇಗ್ ಶಿಬಿರಗಳಿಗೆ ಇದ್ಯಾವುದೂ ತಲುಪಿರಲಿಲ್ಲ.

ಇದ್ದುದು ಒಂದೇ, ಹಾಫ್ಕಿನ್ ಅವರ ಲಸಿಕೆ. 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಅವರು ಅದನ್ನು ಮೊದಲು ತಮಗೇ ಚುಚ್ಚಿಕೊಂಡು ಪರೀಕ್ಷಿಸಿದ್ದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಅದನ್ನು ಹಾಕಲಾಯಿತು. ಲಸಿಕೆ ರೋಗವನ್ನು ಪೂರ್ತಿ ತಡೆಯುತ್ತಿರಲಿಲ್ಲ, ಸಾವನ್ನು ಬಹುಮಟ್ಟಿಗೆ ಕಡಿಮೆ ಮಾಡುತ್ತಿತ್ತು.

ಆ ಲಸಿಕೆಯೂ ಶುಚಿತ್ವ ತಪ್ಪಿದಲ್ಲಿ ವಿಷವಾಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ಅವರ ಮೇಲೆ ಆರೋಪ ಬಂದಿತು, ಹುದ್ದೆ ಹೋಯಿತು. ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಲಾಗಿತ್ತು ಎಂಬ ಸಂಗತಿಗೆ ತಕ್ಕ ಬೆಲೆ ಸಿಕ್ಕಿ ಅವರು ಕಳಂಕಮುಕ್ತರಾದದ್ದು 1907ರಲ್ಲಿ. ನೆಲಕ್ಕೆ ಬಿದ್ದ ಒಂದು ಇಕ್ಕಳ, 19 ಜೀವ. ಲಸಿಕೆ ಸಂಸ್ಥೆಯಲ್ಲಿ ದುಡಿದವರಿಗೆ ಈ ಸುದ್ದಿಯ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂತಹ ಕಾಲದಲ್ಲಿ ಪಲ್ಪು ಉಳಿದರು. ಮನೆಯಲ್ಲಿ ಹೆಂಡತಿ, ಪುಟ್ಟ ಮಕ್ಕಳು. ಮೂರು ವರ್ಷದ ನಟರಾಜನ್. ಊರು ಬಿಡಲು ಬೇಕಾದಷ್ಟು ಕಾರಣಗಳಿದ್ದವು, ಹೋಗಲು ಊರಿರಲಿಲ್ಲ ಎನ್ನಲೂಬಹುದು. ಆದರೂ ಅವರು ಉಳಿದದ್ದನ್ನು ನಿರುಪಾಯವೆಂದು ಕರೆಯುವುದು ಅನ್ಯಾಯವಾದೀತು. ಸಂಬಳಕ್ಕಾಗಿ ಉಳಿಯದೆ ಓಡಿದವರೂ ಆ ದಿನಗಳಲ್ಲಿ ಇದ್ದರು.

ನಗರದ ಆರೋಗ್ಯಾಧಿಕಾರಿ

ಶತಮಾನ ಹೊರಳುವ ಹೊತ್ತಿಗೆ ಪಲ್ಪು ಇಂಗ್ಲೆಂಡಿಗೆ ಹೋಗಿ ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದರು. ಮರಳಿದ ಮೇಲೆ ಬೆಂಗಳೂರು ನಗರದ ಆರೋಗ್ಯಾಧಿಕಾರಿಯಾದರು.

ಪ್ಲೇಗ್ ಒಂದೇ ವರ್ಷಕ್ಕೆ ಮುಗಿಯಲಿಲ್ಲ. ದಶಕಗಳ ಕಾಲ ಮತ್ತೆ ಮತ್ತೆ ಬಂದಿತು. ಇಲಿ ಬಿದ್ದ ಸುದ್ದಿ ಬಂದರೆ ಮನೆ ಬಿಟ್ಟು ಬಯಲಿನ ಗುಡಿಸಲು ಸೇರುವುದು ಹಳೆಯ ಮೈಸೂರಿನ ಕುಟುಂಬಗಳ ನೆನಪಿನಲ್ಲಿ ಉಳಿದ ವಾಡಿಕೆ. ಇಂಗ್ಲಿಷಿನ ಪದವನ್ನೇ ಹೆಸರಾಗಿಸಿಕೊಂಡ ಪ್ಲೇಗಮ್ಮ, ಪ್ಲೇಗ್ ಮಾರಮ್ಮನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ.

ಊರಿನ ಆಕಾರವೇ ಬದಲಾಯಿತು. ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ವೇಗ ಬಂದಿತು. ಅಗಲವಾದ ನೇರ ರಸ್ತೆಗಳು, ಗಾಳಿಯಾಡುವ ನಿವೇಶನಗಳು, ಮನೆಗಳ ಹಿಂದೆ ಮಲ ಸಾಗಿಸಲು ಪ್ರತ್ಯೇಕ ಓಣಿಗಳು. ಇಂದು ಆ ಓಣಿಗಳಲ್ಲಿ ಹಲವು ಗ್ಯಾರೇಜುಗಳಾಗಿವೆ, ಕೆಲವು ಮುಚ್ಚಿಹೋಗಿವೆ. 1897ರಲ್ಲಿ ಶಂಕುಸ್ಥಾಪನೆಯಾದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದರು.

ಹೊಸ ಬಡಾವಣೆಗಳ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಅಲ್ಲಿ ಗಾಳಿ, ಬೆಳಕು, ಚರಂಡಿ ಎಲ್ಲವೂ ವಿಜ್ಞಾನದ ಪ್ರಕಾರವೇ ಇದ್ದವು. ನಿವೇಶನಗಳನ್ನು ಹಂಚಿದ್ದು ಮಾತ್ರ ಬಹುಪಾಲು ಜಾತಿವಾರು. ಮನೆಯ ಹಿಂದಿನ ಓಣಿಯಲ್ಲಿ ಮುಂಜಾನೆ ಮಲದ ಬಾಲ್ದಿ ಹೊತ್ತು ಹೋಗುತ್ತಿದ್ದವರು ಮನೆಯ ಮುಂದಿನ ರಸ್ತೆಯ ನಿವಾಸಿಗಳ ಜಾತಿಗೆ ಸೇರಿದವರಾಗಿರಲಿಲ್ಲ. ನಗರದ ಆರೋಗ್ಯಾಧಿಕಾರಿಯ ಕುರ್ಚಿಯಲ್ಲಿ ಈಳವ ವೈದ್ಯರೊಬ್ಬರು ಕುಳಿತದ್ದು ಇಂತಹ ನಗರದಲ್ಲಿ.

ಕೊನೆಯ ದಿನಗಳು

1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾಯಿತು. ನಾರಾಯಣ ಗುರುಗಳು ಅಧ್ಯಕ್ಷರು, ಬೆಂಗಳೂರಿನಲ್ಲಿ ಓದಿದ ಕುಮಾರನ್ ಆಶಾನ್ ಕಾರ್ಯದರ್ಶಿ. ಅದರ ಹಿಂದಿನ ಸಂಘಟನಾ ಶಕ್ತಿ ಡಾ. ಪಲ್ಪು. ಬೆಂಗಳೂರಿನ ಮನೆಯಲ್ಲಿ ಮೊಳೆತ ಆಲೋಚನೆ ಕೇರಳದಲ್ಲಿ ಮರವಾಯಿತು. ಪಲ್ಪು ಮೈಸೂರು ಸೇವೆಯಲ್ಲಿದ್ದುಕೊಂಡೇ ಅದಕ್ಕೆ ದುಡಿದರು. ಬರೋಡಾ ಸಂಸ್ಥಾನದಲ್ಲಿಯೂ ಕೆಲಕಾಲ ಆರೋಗ್ಯ ವಿಷಯಗಳ ಸಲಹೆಗಾರರಾಗಿದ್ದರು.

ನಿವೃತ್ತಿಯ ಅನಂತರ ಅವರು ತಿರುವನಂತಪುರಕ್ಕೆ ಮರಳಿದರು. ಕೈಹಾಕಿದ ವ್ಯಾಪಾರೋದ್ಯಮಗಳು ಕೈಹಿಡಿಯಲಿಲ್ಲ. ವೈದ್ಯಕೀಯದಲ್ಲಿ ಕಂಡ ಶಿಸ್ತು ಲೆಕ್ಕಪತ್ರದಲ್ಲಿ ಇರಲಿಲ್ಲವೋ ಏನೋ. 1924ರ ಜನವರಿಯಲ್ಲಿ, ಮನೆಮಗನಂತೆ ಸಾಕಿದ ಆಶಾನ್ ಪಲ್ಲನದ ಬಳಿ ದೋಣಿ ದುರಂತದಲ್ಲಿ ತೀರಿಕೊಂಡರು. 1928ರಲ್ಲಿ ನಾರಾಯಣ ಗುರುಗಳು ಸಮಾಧಿಸ್ಥರಾದರು. 1936ರ ನವೆಂಬರ್‌ನಲ್ಲಿ ತಿರುವಾಂಕೂರಿನ ದೇವಾಲಯಗಳು ಎಲ್ಲ ಹಿಂದೂಗಳಿಗೂ ತೆರೆದಾಗ ಪಲ್ಪು ಬದುಕಿದ್ದರು. ಅವರಿಗೆ ನೌಕರಿ ನಿರಾಕರಿಸಿದ ಸರ್ಕಾರವೇ ಆ ಘೋಷಣೆಯನ್ನು ಹೊರಡಿಸಿತು.

ಡಾ. ಪಲ್ಪು ನಿಧನರಾದದ್ದು 1950ರ ಜನವರಿ 25ರಂದು, 86ನೆಯ ವಯಸ್ಸಿನಲ್ಲಿ. ಅಸ್ಪೃಶ್ಯತೆಯನ್ನು ರದ್ದುಪಡಿಸುವ 17ನೆಯ ವಿಧಿಯನ್ನೊಳಗೊಂಡ ಭಾರತದ ಸಂವಿಧಾನ ಜಾರಿಗೆ ಬಂದದ್ದು ಮರುದಿನ.